ದುಡ್ಡು ಕೇಳದ ಏಜೆಂಟ್, ಕೈಯಲ್ಲಿಲ್ಲದ ಪಾಸ್‌ಪೋರ್ಟ್

ಓದುಗರ ಪ್ರಶ್ನೆ: ನನ್ನ ಅಕ್ಕನಿಗೆ ೩೩ ವರ್ಷ. ಎಂಟನೇ ತರಗತಿವರೆಗೆ ಓದಿದ್ದಾಳೆ. ಭಾವ ತೀರಿಕೊಂಡು ಎರಡು ವರ್ಷವಾಯಿತು, ಇಬ್ಬರು ಮಕ್ಕಳಿದ್ದಾರೆ. ಭಾವನ ಚಿಕಿತ್ಸೆಗೆಂದು ಮೈಕ್ರೋಫೈನಾನ್ಸ್‌ನವರಿಂದ ಮತ್ತು ಕೈಸಾಲವಾಗಿ ತಂದದ್ದು ಮೂರೂವರೆ ಲಕ್ಷ ರೂಪಾಯಿ ದಾಟಿದೆ. ವಾರವಾರವೂ ಕಂತು ವಸೂಲಿಯವರು ಬಂದು ಬಾಗಿಲಲ್ಲಿ ಕೂರುತ್ತಾರೆ. ಈಗ ಪರಿಚಯದ ಹೆಂಗಸೊಬ್ಬರು ಕುವೈತ್‌ನಲ್ಲಿ ಮನೆಗೆಲಸ ಕೊಡಿಸುವುದಾಗಿ ಹೇಳಿದ್ದಾರೆ. ತಿಂಗಳಿಗೆ ೩೫ ಸಾವಿರ, ಊಟ ವಸತಿ ಮಾಲೀಕರದೇ. ನಮ್ಮಿಂದ ಒಂದು ರೂಪಾಯಿಯೂ ಬೇಡವಂತೆ, ಟಿಕೆಟ್ ಕೂಡ ಅವರೇ ಮಾಡಿಸುತ್ತಾರಂತೆ. ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲಿಂದ ಕುವೈತ್‌ಗೆ ಹೋಗಬೇಕು. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಸಂಬಂಧಿಕರನ್ನು ನೋಡಲು ಹೋಗುತ್ತಿದ್ದೇನೆ ಎನ್ನಬೇಕು ಎಂದು ಹೇಳಿಕೊಟ್ಟಿದ್ದಾರೆ. ಪಾಸ್‌ಪೋರ್ಟ್ ಈಗಾಗಲೇ ಅವರ ಬಳಿ ಇದೆ. ಕರಾರು ಪತ್ರ ಅಲ್ಲಿಗೆ ಹೋದ ಮೇಲೆ ಸಿಗುತ್ತದಂತೆ. ಅಮ್ಮ ‘ಅಲ್ಲಿ ಹೆಂಗಸರನ್ನು ಮಾರಿಬಿಡುತ್ತಾರೆ’ ಎಂದು ಅಳುತ್ತಾಳೆ. ಅಕ್ಕ ಮಾತ್ರ ‘ನಾನಾಗಿಯೇ ಹೋಗುತ್ತಿದ್ದೇನೆ, ಯಾರೂ ನನ್ನನ್ನು ಎಳೆದುಕೊಂಡು ಹೋಗುತ್ತಿಲ್ಲ. ದುಡ್ಡೇ ಕೇಳದವರು ಏನು ಮೋಸ ಮಾಡುತ್ತಾರೆ?’ ಎನ್ನುತ್ತಾಳೆ. ಇದು ಮಾನವ ಕಳ್ಳಸಾಗಣೆಯೇ? ಅವಳೇ ಒಪ್ಪಿ ಹೋದರೆ ಆಮೇಲೆ ದೂರು ಕೊಡಲು ಬರುತ್ತದೆಯೇ? ನಾನು ತಡೆಯಬೇಕೇ, ಕಳುಹಿಸಬೇಕೇ?

ಉತ್ತರ: ಮೊದಲು ನೇರವಾಗಿ ಹೇಳುತ್ತೇನೆ. ನೀವು ವಿವರಿಸಿದ ಈ ದಾರಿಯಲ್ಲಿ ನಿಮ್ಮ ಅಕ್ಕ ಹೋಗಬಾರದು. ಕುವೈತ್‌ಗೆ ಹೋಗುವುದರಲ್ಲಿ ತಪ್ಪಿಲ್ಲ, ಮನೆಗೆಲಸ ಮಾಡಿ ದುಡಿಯುವುದರಲ್ಲಂತೂ ತಪ್ಪೇ ಇಲ್ಲ. ಆದರೆ ಅವರನ್ನು ಕರೆದೊಯ್ಯಲು ಹೊರಟಿರುವ ವಿಧಾನದಲ್ಲಿ, ಏನಾದರೂ ಕೆಟ್ಟದ್ದಾದರೆ ಮರಳಿ ಬರುವ ದಾರಿಗಳೆಲ್ಲ ಮೊದಲೇ ಮುಚ್ಚಿಹೋಗಿವೆ. ವಿದೇಶಕ್ಕೆ ದುಡಿಯಲು ಹೋಗಿ ನೊಂದು ಬಂದ ಹೆಣ್ಣುಮಕ್ಕಳ ಪ್ರಕರಣಗಳನ್ನು ವಕೀಲೆಯಾಗಿ ನಡೆಸುತ್ತಾ ಬಂದಿರುವ ನನಗೆ ನಿಮ್ಮ ಪತ್ರದ ಒಂದೊಂದು ವಿವರವೂ ಪರಿಚಿತ. ವಿಸಿಟ್ ವೀಸಾ, ಹೇಳಿಕೊಟ್ಟ ಸುಳ್ಳು, ಬೇರೆಯವರ ಕೈಯಲ್ಲಿರುವ ಪಾಸ್‌ಪೋರ್ಟ್, ಅಲ್ಲಿ ಹೋದ ಮೇಲೆ ಸಿಗಲಿರುವ ಕರಾರು. ಈ ನಾಲ್ಕೂ ಒಟ್ಟಿಗೆ ಕಂಡರೆ ಹೊರಡಬೇಡಿ ಎನ್ನಲು ನನಗೆ ಐದನೆಯ ಕಾರಣ ಬೇಕಾಗುವುದಿಲ್ಲ.

ನಿಮ್ಮ ತಾಯಿಯ ಭಯಕ್ಕೂ ಅಕ್ಕನ ಧೈರ್ಯಕ್ಕೂ ಆಧಾರವಿದೆ. ಎರಡರಲ್ಲೂ ಒಂದಿಷ್ಟು ತಪ್ಪು ತಿಳಿವಳಿಕೆಯೂ ಇದೆ.

ತಾಯಿ ಹೇಳುವಂತೆ ಅಲ್ಲಿಗೆ ಹೋದವರನ್ನೆಲ್ಲ ಮಾರಿಬಿಡುತ್ತಾರೆ ಎಂಬುದು ನಿಜವಲ್ಲ. ಕೊಲ್ಲಿ ದೇಶಗಳಲ್ಲಿ ಮನೆಗೆಲಸ ಮಾಡಿ ಸಾಲ ತೀರಿಸಿದವರು, ಮಕ್ಕಳನ್ನು ಓದಿಸಿದವರು, ಊರಿನಲ್ಲಿ ಮನೆ ಕಟ್ಟಿಸಿದವರು ಬಹಳ ಜನ ಇದ್ದಾರೆ. ಒಳ್ಳೆಯ ಮಾಲೀಕರ ಮನೆಯಲ್ಲಿ ಹತ್ತು ವರ್ಷ ಇದ್ದು ಬಂದವರನ್ನು ನಾನೇ ಬಲ್ಲೆ. ನಿಮ್ಮ ಅಕ್ಕನ ಕಣ್ಣ ಮುಂದೆ ಇರುವುದು ಅಂಥವರ ಬದುಕು. ಅದನ್ನು ಅಲ್ಲಗಳೆದು ಮಾತು ಶುರು ಮಾಡಿದರೆ ನಿಮ್ಮ ಮುಂದಿನ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಕಳ್ಳಸಾಗಣೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಅಪರಿಚಿತರು, ಬಾಯಿಗೆ ಒತ್ತಿದ ಬಟ್ಟೆ, ರಾತ್ರಿ ಹೊರಟ ವಾಹನ, ಕೊನೆಗೆ ಲೈಂಗಿಕ ದಂಧೆ. ಅಂಥದ್ದೂ ನಡೆಯುತ್ತದೆ. ಆದರೆ ಹೆಚ್ಚು ನಡೆಯುವುದು ಬೇರೆ ಬಗೆಯದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಜತೆಗಾರ ಸಂಸ್ಥೆಗಳು ೨೦೨೧ಕ್ಕೆ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ ೨ ಕೋಟಿ ೭೬ ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ಅವರಲ್ಲಿ ೬೩ ಲಕ್ಷ ಜನ ಲೈಂಗಿಕ ದಂಧೆಯಲ್ಲಿ ಸಿಲುಕಿದವರು. ೧ ಕೋಟಿ ೭೩ ಲಕ್ಷ ಜನ ಸಿಲುಕಿದ್ದು ಹೊಲ, ಕಾರ್ಖಾನೆ, ಕಟ್ಟಡ, ಮೀನುಗಾರಿಕೆ ದೋಣಿ ಮತ್ತು ಮನೆಗಳಂಥ ಖಾಸಗಿ ದುಡಿಮೆಯ ಜಾಗಗಳಲ್ಲಿ. ಗಂಡಸರಿಗೆ ಇದು ಬಾಧಿಸುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ನಡುವೆ ಸಿಲುಕಿ, ೨೦೨೪ರಲ್ಲಿ ಮರಳಿದರು. ೨೦೨೫ರ ಮಾರ್ಚ್‌ನಲ್ಲಿ ಥಾಯ್ಲೆಂಡ್‌ನ ಮೇ ಸೊಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ೫೪೯ ಭಾರತೀಯರನ್ನು ಕರೆತರಬೇಕಾಯಿತು. ಒಳ್ಳೆಯ ಕೆಲಸದ ಆಸೆಗೆ ಹೋಗಿದ್ದ ಅವರನ್ನು ಮ್ಯಾನ್ಮಾರ್ ಗಡಿಯಾಚೆಯ ಆವರಣಗಳಲ್ಲಿ ಕೂರಿಸಿ ಆನ್‌ಲೈನ್ ವಂಚನೆಗೆ ಹಚ್ಚಲಾಗಿತ್ತು. ಇವರಲ್ಲಿ ಹೆಚ್ಚಿನವರು ತಮ್ಮ ಕಾಲಿನಲ್ಲೇ ನಡೆದು, ಮನೆಯವರಿಗೆ ಕೈಬೀಸಿ ವಿಮಾನ ಹತ್ತಿದವರು.

ಇಲ್ಲಿಂದ ನಿಮ್ಮ ಅಕ್ಕನ ಮೊದಲನೆಯ ವಾದಕ್ಕೆ ಬರೋಣ. ‘ನಾನಾಗಿಯೇ ಹೋಗುತ್ತಿದ್ದೇನೆ’ ಎಂಬುದು ನಿಜ, ಆದರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. ವಿಶ್ವಸಂಸ್ಥೆ ೨೦೦೦ದಲ್ಲಿ ಅಂಗೀಕರಿಸಿದ, ಪಲೆರ್ಮೊ ಪ್ರೋಟೊಕಾಲ್ ಎಂದು ಕರೆಯುವ ಒಪ್ಪಂದ ಮೂರು ಸಂಗತಿಗಳನ್ನು ನೋಡುತ್ತದೆ. ವ್ಯಕ್ತಿಯನ್ನು ಕೆಲಸಕ್ಕೆ ಹಿಡಿದದ್ದು, ಸಾಗಿಸಿದ್ದು ಅಥವಾ ಇರಿಸಿಕೊಂಡದ್ದು ಒಂದು. ಅದಕ್ಕೆ ಬೆದರಿಕೆ, ಬಲಾತ್ಕಾರ, ಮೋಸ ಅಥವಾ ಅಸಹಾಯಕ ಸ್ಥಿತಿಯ ದುರುಪಯೋಗ ಬಳಸಿದ್ದು ಇನ್ನೊಂದು. ಇದೆಲ್ಲದರ ಉದ್ದೇಶ ಶೋಷಣೆಯಾಗಿರುವುದು ಮೂರನೆಯದು. ಮೋಸದಿಂದ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹದಿನೆಂಟು ವರ್ಷ ತುಂಬದವರಾದರೆ ಮೋಸ, ಬಲಾತ್ಕಾರ ನಡೆಯಿತೇ ಎಂಬ ಪ್ರಶ್ನೆಯನ್ನೂ ಕೇಳಬೇಕಿಲ್ಲ. ಭಾರತ ೨೦೧೧ರಲ್ಲಿ ಈ ಒಪ್ಪಂದವನ್ನು ಒಪ್ಪಿತು. ನಮ್ಮ ಭಾರತೀಯ ನ್ಯಾಯ ಸಂಹಿತೆಯ ೧೪೩ನೇ ಕಲಮು ಇದೇ ಜಾಡಿನದು. ಕಳ್ಳಸಾಗಣೆ ನಡೆದಿದೆಯೇ ಎಂದು ತೀರ್ಮಾನಿಸುವಾಗ ಬಲಿಪಶುವಿನ ಒಪ್ಪಿಗೆ ಮುಖ್ಯವಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಶಿಕ್ಷೆ ಕನಿಷ್ಠ ೭ ವರ್ಷ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಕನಿಷ್ಠ ೧೦ ವರ್ಷದಿಂದ ಜೀವಾವಧಿಯವರೆಗೆ ಏರುತ್ತದೆ.

ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು. ಅಕ್ಕ ಒಪ್ಪಿ ಹೋದರೂ, ವಿಮಾನ ನಿಲ್ದಾಣದಲ್ಲಿ ಹೇಳಿಕೊಟ್ಟ ಸುಳ್ಳನ್ನೇ ಹೇಳಿದರೂ, ಮುಂದೆ ದೂರು ಕೊಡುವ ಹಕ್ಕು ಅವರಿಗೂ ನಿಮಗೂ ಇರುತ್ತದೆ. ಇದನ್ನು ನೀವು ಅವರಿಗೆ ಖಂಡಿತ ಹೇಳಬೇಕು. ಮರಳಿ ಬಂದ ಎಷ್ಟೋ ಹೆಂಗಸರು ‘ನಾನೇ ಒಪ್ಪಿ ಹೋದೆ, ಈಗ ಯಾವ ಮುಖ ಇಟ್ಟುಕೊಂಡು ದೂರು ಕೊಡಲಿ’ ಎಂದು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಸಾಕ್ಷ್ಯ ಕರಗಿರುತ್ತದೆ, ಏಜೆಂಟ್ ಫೋನ್ ನಂಬರ್ ಬದಲಾಯಿಸಿರುತ್ತಾರೆ.

ಅವರ ಎರಡನೆಯ ವಾದ ನನ್ನನ್ನು ಹೆಚ್ಚು ಕಾಡುತ್ತದೆ. ದುಡ್ಡು ಕೇಳದವರು ಮೋಸ ಮಾಡುವುದಿಲ್ಲ ಎಂದು ನಂಬುವುದು ಸಹಜ, ಏಕೆಂದರೆ ನಾವು ಕೇಳಿರುವ ವಂಚನೆಗಳಲ್ಲಿ ಹೆಚ್ಚಿನವು ಮುಂಗಡ ಹಣ ಪಡೆದು ಪರಾರಿಯಾದವು. ಆದರೆ ಕೊಲ್ಲಿ ದೇಶಗಳ ಮನೆಗೆಲಸದ ವ್ಯವಹಾರದಲ್ಲಿ ಹಣ ಹರಿಯುವ ದಿಕ್ಕೇ ಬೇರೆ. ಅಲ್ಲಿನ ಮನೆಯವರು ಕೆಲಸದವರನ್ನು ಪಡೆಯಲು ತಮ್ಮ ಊರಿನ ನೇಮಕಾತಿ ಕಚೇರಿಗೆ ನಮ್ಮ ಲೆಕ್ಕದಲ್ಲಿ ಲಕ್ಷ ದಾಟುವ ಮೊತ್ತ ಕಟ್ಟುತ್ತಾರೆ. ಆ ಮೊತ್ತದ ಪಾಲು ಕೈಯಿಂದ ಕೈಗೆ ಇಳಿದು ನಿಮ್ಮ ಪರಿಚಯದ ಹೆಂಗಸಿನವರೆಗೂ ಬರುತ್ತದೆ. ಅವರಿಗೆ ತಲೆಯೆಣಿಕೆಯ ಕಮಿಷನ್. ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದೇ ತತ್ತ್ವ, ಆದ್ದರಿಂದ ಮಾಲೀಕರು ಖರ್ಚು ಭರಿಸುವುದರಲ್ಲಿ ಸ್ವತಃ ತಪ್ಪಿಲ್ಲ. ಆದರೆ ನೋಂದಾಯಿತ ಕರಾರು ಇಲ್ಲದ ಕಡೆ ಆ ಖರ್ಚು ಕೆಲಸದವಳ ತಲೆಯ ಮೇಲಿನ ಸಾಲವಾಗಿಬಿಡುತ್ತದೆ. ಮನೆಗೆ ಹೋಗುತ್ತೇನೆ ಎಂದ ದಿನ ‘ನಿನಗಾಗಿ ಇಷ್ಟು ಕೊಟ್ಟಿದ್ದೇವೆ, ಅದನ್ನು ಕಟ್ಟಿ ಹೋಗು’ ಎಂಬ ಮಾತು ಬರುತ್ತದೆ. ತಾನು ಎಂದೂ ಪಡೆಯದ, ಎಷ್ಟೆಂದು ಗೊತ್ತೂ ಇಲ್ಲದ ಸಾಲ ಅದು. ಒಂದು ಮನೆಯವರು ಬೇಡವೆಂದರೆ ಕಚೇರಿಯವರು ಇನ್ನೊಂದು ಮನೆಗೆ ದಾಟಿಸುತ್ತಾರೆ, ಸಾಲವೂ ಅವಳ ಜೊತೆಗೇ ದಾಟುತ್ತದೆ. ನಿಮ್ಮ ತಾಯಿ ‘ಮಾರಿಬಿಡುತ್ತಾರೆ’ ಎನ್ನುವಾಗ ಅವರಿಗೆ ಅರಿವಿಲ್ಲದೆಯೇ ಬಹುಮಟ್ಟಿಗೆ ಇದನ್ನೇ ಹೇಳುತ್ತಿದ್ದಾರೆ.

ಕರೆದೊಯ್ಯುವ ಆ ಹೆಂಗಸು ದುಷ್ಟರೇ ಆಗಿರಬೇಕೆಂದಿಲ್ಲ. ಇಂಥವರಲ್ಲಿ ಹಲವರು ತಾವೂ ಒಮ್ಮೆ ಅಲ್ಲಿ ದುಡಿದು ಬಂದವರು. ತಮಗೆ ಒಳ್ಳೆಯದಾಯಿತು, ಇವಳಿಗೂ ಆಗಲಿ, ನಾಲ್ಕು ಕಾಸು ನನಗೂ ಸಿಗಲಿ ಎಂದು ನಿಜವಾಗಿಯೇ ನಂಬಿರಬಹುದು. ಸರಪಳಿಯ ಮುಂದಿನ ಕೊಂಡಿ ದುಬೈಯಲ್ಲಿ ಯಾರು, ಕುವೈತ್‌ನಲ್ಲಿ ಯಾರು ಎಂದು ಕೇಳಿ ನೋಡಿ. ಅವರಿಗೂ ಗೊತ್ತಿರುವುದಿಲ್ಲ. ಅವರ ಒಳ್ಳೆಯತನ ಅಕ್ಕನನ್ನು ವಿಮಾನ ನಿಲ್ದಾಣದವರೆಗೆ ಮಾತ್ರ ಕಾಯಬಲ್ಲದು.

ವಿಸಿಟ್ ವೀಸಾ ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಪಾಯವೆಲ್ಲ ಅಲ್ಲಿಂದಲೇ ಬೆಳೆಯುತ್ತದೆ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲಸಕ್ಕಾಗಿ ಕೆಲವು ದೇಶಗಳಿಗೆ ಹೋಗುವ ಮೊದಲು ವಲಸೆ ಅನುಮತಿ ಪಡೆಯಬೇಕಾದವರ ಪಾಸ್‌ಪೋರ್ಟ್. ಅಂಥ ೧೮ ದೇಶಗಳ ಪಟ್ಟಿಯಲ್ಲಿ ಕುವೈತ್ ಮತ್ತು ದುಬೈ ಸೇರಿರುವ ಸಂಯುಕ್ತ ಅರಬ್ ಸಂಸ್ಥಾನ ಎರಡೂ ಇವೆ. ೧೯೮೩ರ ವಲಸೆ ಕಾಯ್ದೆಯಡಿ ಈ ಅನುಮತಿ ಕೊಡುವವರು ವಲಸೆ ಸಂರಕ್ಷಕರು. ಕರಾರು, ಸಂಬಳ, ಮಾಲೀಕರ ವಿವರ ಎಲ್ಲವನ್ನೂ ನೋಡಿಯೇ ಅವರು ಅನುಮತಿ ಕೊಡಬೇಕು. ಇಸಿಆರ್ ಪಾಸ್‌ಪೋರ್ಟ್ ಇರುವ, ಮೂವತ್ತು ವರ್ಷ ತುಂಬದ ಹೆಣ್ಣುಮಕ್ಕಳಿಗೆ ಮನೆಗೆಲಸಕ್ಕೆ ಅನುಮತಿ ಇಲ್ಲ. ಮೂವತ್ತು ದಾಟಿದವರನ್ನೂ ೨೦೧೬ರಿಂದ ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ಕಳುಹಿಸಬೇಕು. ಅಂದರೆ ನಿಮ್ಮ ಪರಿಚಯದ ಹೆಂಗಸಿಗೆ ಮಾತ್ರವಲ್ಲ, ಪರವಾನಗಿ ಪಡೆದ ಖಾಸಗಿ ಏಜೆಂಟರಿಗೂ ನಿಮ್ಮ ಅಕ್ಕನನ್ನು ಈ ಕೆಲಸಕ್ಕೆ ಕಳುಹಿಸುವ ಅಧಿಕಾರವಿಲ್ಲ.

ವಿಸಿಟ್ ವೀಸಾಕ್ಕೆ ಮಾತ್ರ ಈ ಅನುಮತಿ ಬೇಕಿಲ್ಲ. ಆ ಕಿಂಡಿಯಲ್ಲಿ ನುಸುಳಿದರೆ ಅಕ್ಕ ಸರ್ಕಾರದ ಕಡತದಲ್ಲಿ ಪ್ರವಾಸಿ, ಕೆಲಸಗಾರ್ತಿಯಲ್ಲ. ಕೆಲಸಗಾರರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ೧೦ ಲಕ್ಷ ರೂಪಾಯಿಯ ಅಪಘಾತ ವಿಮೆ ಇರುವುದಿಲ್ಲ. ಎರಡು ವರ್ಷಕ್ಕೆ ೨೭೫ ರೂಪಾಯಿ ಮತ್ತು ತೆರಿಗೆ ಕಟ್ಟಿದರೆ ಸಿಗುವ ವಿಮೆ ಅದು. ಯಾರ ಮನೆಯಲ್ಲಿ ಕೆಲಸ ಎಂಬುದು ಭಾರತೀಯ ರಾಯಭಾರ ಕಚೇರಿಗೆ ಗೊತ್ತಿರುವುದಿಲ್ಲ. ದುಬೈ ವೀಸಾದ ಅವಧಿ ಮುಗಿಯುವುದರೊಳಗೆ ಕುವೈತ್ ವೀಸಾ ಬಾರದಿದ್ದರೆ ಅವರು ಆ ದೇಶದ ಕಣ್ಣಿನಲ್ಲಿ ಅಕ್ರಮ ವಾಸಿ, ದಿನದಿನಕ್ಕೂ ದಂಡ ಏರುತ್ತದೆ. ಆಗ ಏಜೆಂಟರಿಗೆ ಹೊಡೆಯುವ, ಕೂಡಿಹಾಕುವ ಅಗತ್ಯವೇ ಬರುವುದಿಲ್ಲ. ‘ಹೊರಗೆ ಕಾಲಿಟ್ಟರೆ ಪೊಲೀಸರು ಹಿಡಿಯುತ್ತಾರೆ’ ಎಂಬ ಒಂದು ಮಾತು ಸಾಕು. ಅದು ಪೂರ್ತಿ ಸುಳ್ಳೂ ಅಲ್ಲದ್ದರಿಂದ ಇನ್ನಷ್ಟು ಭಯ ಹುಟ್ಟಿಸುತ್ತದೆ.

ಸರಿಯಾದ ವೀಸಾದಲ್ಲೇ ಹೋದವರಿಗೂ ಕಷ್ಟಗಳಿಲ್ಲವೆಂದಲ್ಲ. ಅಲ್ಲಿನ ಪ್ರಾಯೋಜಕತ್ವದ ಪದ್ಧತಿಯಲ್ಲಿ, ಅಂದರೆ ಕಫಾಲಾದಲ್ಲಿ, ಕೆಲಸದವರು ಆ ದೇಶದಲ್ಲಿ ಇರಲು ಪಡೆದ ಪರವಾನಗಿ ಒಬ್ಬ ಮಾಲೀಕರ ಹೆಸರಿಗೆ ಅಂಟಿಕೊಂಡಿರುತ್ತದೆ. ಹೇಳದೆ ಮನೆ ಬಿಟ್ಟರೆ ‘ಓಡಿಹೋದಳು’ ಎಂದು ಮಾಲೀಕರು ದೂರು ಕೊಡಬಹುದು, ಆಗ ತಪ್ಪಿತಸ್ಥೆ ಅವಳೇ ಆಗುತ್ತಾಳೆ. ಕುವೈತ್ ೨೦೧೫ರಲ್ಲೇ ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನು ತಂದಿತು. ದಿನಕ್ಕೆ ೧೨ ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ದಿನ ರಜೆ, ವರ್ಷಕ್ಕೊಮ್ಮೆ ಸಂಬಳಸಹಿತ ರಜೆ ಕೊಡಬೇಕು. ಒಳ್ಳೆಯ ಕಾನೂನೇ. ಆದರೆ ಕೆಲಸದ ಜಾಗ ಒಬ್ಬರ ಮನೆಯಾದಾಗ ತನಿಖಾಧಿಕಾರಿ ಒಳಗೆ ಕಾಲಿಡುವುದು ಅಪರೂಪ. ಕಾರ್ಖಾನೆಯಲ್ಲಿ ಪಕ್ಕದಲ್ಲಿ ಇನ್ನೊಬ್ಬ ಕೆಲಸಗಾರನಾದರೂ ಇರುತ್ತಾನೆ, ಮನೆಯಲ್ಲಿ ಅವಳ ಕಷ್ಟಕ್ಕೆ ಸಾಕ್ಷಿಯೇ ಇರುವುದಿಲ್ಲ.

ಹಾಗೆಂದು ಪ್ರತಿ ಕಷ್ಟವೂ ಕಳ್ಳಸಾಗಣೆಯಲ್ಲ. ಸಂಬಳ ಹತ್ತು ದಿನ ತಡವಾಯಿತು, ಕೆಲಸ ಹೇಳಿದ್ದಕ್ಕಿಂತ ಹೆಚ್ಚಿದೆ, ಮನೆಯ ಯಜಮಾನಿ ಸಿಡುಕುತ್ತಾರೆ ಎಂಬುದೆಲ್ಲ ಕೆಲಸದ ತಕರಾರುಗಳು. ರಾಯಭಾರ ಕಚೇರಿಯ ಕಾರ್ಮಿಕ ವಿಭಾಗದಿಂದ, ಅಲ್ಲಿನ ಕಾರ್ಮಿಕ ಇಲಾಖೆಯಿಂದ ಬಗೆಹರಿಯುವಂಥವು. ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವೇ ಇಲ್ಲವಾದಾಗ ಮಾತ್ರ ಅದು ಬೇರೆಯೇ ಸಂಗತಿ. ನಾನು ಮೊದಲು ಕೇಳುವುದು ಮೂರು ಪ್ರಶ್ನೆ: ಪಾಸ್‌ಪೋರ್ಟ್ ಯಾರ ಬಳಿ ಇದೆ? ಸಂಬಳ ಎಷ್ಟು ತಿಂಗಳಿನದು ಬಾಕಿ ಇದೆ? ಇವತ್ತು ಹೊರಟು ಬರುತ್ತೇನೆ ಎಂದರೆ ಅವರು ಏನು ಮಾಡುತ್ತಾರೆ? ಎರಡನೆಯದನ್ನು ಜನ ಹಗುರವಾಗಿ ಕಾಣುತ್ತಾರೆ. ನಾಲ್ಕು ತಿಂಗಳ ಸಂಬಳ ಬಾಕಿ ಇಟ್ಟುಕೊಂಡ ಮಾಲೀಕರು ಬಾಗಿಲಿಗೆ ಬೀಗ ಹಾಕಬೇಕಾಗಿಲ್ಲ. ಈಗ ಬಿಟ್ಟರೆ ಅಷ್ಟೂ ಹೋಯಿತು ಎಂದು ಅವಳು ಐದನೇ ತಿಂಗಳೂ ದುಡಿಯುತ್ತಾಳೆ. ಹೊರಗಿನವರು ‘ಕೈಯಲ್ಲಿ ಮೊಬೈಲ್ ಇತ್ತಲ್ಲ, ಏಕೆ ಓಡಿ ಬರಲಿಲ್ಲ?’ ಎಂದು ಕೇಳುತ್ತಾರೆ. ಊರಿನ ಸಾಲ, ಮಕ್ಕಳ ಶಾಲೆ, ಬರಿಗೈಯಲ್ಲಿ ಮರಳುವ ಅವಮಾನ ಇವೆಲ್ಲ ಸೇರಿ ಆಕೆಯನ್ನು ಅಲ್ಲೇ ಹಿಡಿದಿಟ್ಟಿರುತ್ತವೆ. ನಮ್ಮ ಸುಪ್ರೀಂ ಕೋರ್ಟ್ ೧೯೮೨ರಲ್ಲೇ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಸಂವಿಧಾನದ ೨೩ನೇ ವಿಧಿ ನಿಷೇಧಿಸುವ ಬಲವಂತಕ್ಕೆ ಮೈಮೇಲಿನ ಬಲಪ್ರಯೋಗವೇ ಬೇಕಿಲ್ಲ, ಹಸಿವು ಬಡತನಗಳ ಒತ್ತಡವೂ ಬಲವಂತವೇ ಎಂದು ಹೇಳಿತು. ಇಷ್ಟು ವರ್ಷಗಳ ನಂತರವೂ ಆ ಮಾತನ್ನು ಠಾಣೆಗಳಲ್ಲಿ ವಿವರಿಸಿ ಹೇಳಬೇಕಾಗುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ತಡೆಯಬೇಕೇ ಎಂಬುದು.

ಬಲವಂತವಾಗಿ ತಡೆಯಬೇಡಿ. ಮೂವತ್ಮೂರು ವರ್ಷದ, ಎರಡು ಮಕ್ಕಳ ತಾಯಿಯನ್ನು ಕೂಡಿಹಾಕುವ ಹಕ್ಕು ತಮ್ಮನಿಗೂ ಇಲ್ಲ, ತಾಯಿಗೂ ಇಲ್ಲ. ಅಲ್ಲದೆ ಅದರಿಂದ ಪ್ರಯೋಜನವೂ ಇಲ್ಲ. ನೇಪಾಳ ೨೦೧೭ರಲ್ಲಿ ತನ್ನ ಹೆಣ್ಣುಮಕ್ಕಳು ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗುವುದನ್ನೇ ನಿಷೇಧಿಸಿತು. ಹೋಗುವವರು ಹೋಗುತ್ತಲೇ ಇದ್ದರು. ಕಠ್ಮಂಡುವಿನ ವಿಮಾನ ನಿಲ್ದಾಣವನ್ನು ಬಿಟ್ಟು ಗಡಿ ದಾಟಿ ಭಾರತದ ವಿಮಾನ ನಿಲ್ದಾಣಗಳಿಂದ, ಯಾವ ದಾಖಲೆಯೂ ಇಲ್ಲದೆ ಹೊರಟರು. ನಮ್ಮಲ್ಲಿನ ವಯಸ್ಸಿನ ಮಿತಿ, ಸರ್ಕಾರಿ ಸಂಸ್ಥೆಯ ಕಡ್ಡಾಯ ಕೂಡ ರಕ್ಷಣೆಗೆಂದು ಬಂದವು. ಸಾಚಾ ದಾರಿ ನಿಧಾನವಾದಾಗ ಅವೇ ವಿಸಿಟ್ ವೀಸಾದ ದಂಧೆಗೆ ಗಿರಾಕಿಗಳನ್ನು ದೂಡುತ್ತವೆ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲೂ ಹಾಗೆಯೇ ಆಗುತ್ತದೆ. ಜಗಳವಾಡಿ ತಡೆದರೆ ಅಕ್ಕ ಹೇಳದೆ ಹೋಗುತ್ತಾರೆ, ಹೇಳದೆ ಹೋದವರು ಕಷ್ಟ ಬಂದಾಗ ಮನೆಗೆ ಫೋನ್ ಮಾಡಲು ಹಿಂಜರಿಯುತ್ತಾರೆ. ಆ ಹಿಂಜರಿಕೆ ಬಹಳ ದುಬಾರಿಯಾದದ್ದು.

ಕಾನೂನಿನ ದಾರಿಯಲ್ಲೇ ಹೋಗುವುದು ಒಂದು ಆಯ್ಕೆ. ಕೇರಳದ ನೋರ್ಕಾ, ಒಡೆಪೆಕ್‌ನಂತೆ ರಾಜ್ಯ ಸರ್ಕಾರಗಳ ನೇಮಕಾತಿ ಸಂಸ್ಥೆಗಳಿವೆ. ನಮ್ಮ ರಾಜ್ಯದ ಕೌಶಲಾಭಿವೃದ್ಧಿ ನಿಗಮದಡಿಯ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ವಿಚಾರಿಸಿ ಶುರು ಮಾಡಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಪರವಾನಗಿ ಪಡೆದವರು ಎಂದು ಹೆಸರು ಹಾಕಿ ನೋಡಬಹುದು. ಪರವಾನಗಿ ಇಲ್ಲದವರೆಂದು ಸರ್ಕಾರ ಗುರುತಿಸಿದ ಮೂರು ಸಾವಿರಕ್ಕೂ ಹೆಚ್ಚು ಏಜೆಂಟರ ಪಟ್ಟಿಯೂ ಅಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಒಳ್ಳೆಯವರು ಎಂದುಕೊಳ್ಳಬೇಡಿ, ಹಳ್ಳಿಯ ಮಟ್ಟದಲ್ಲಿ ಓಡಾಡುವವರ ಹೆಸರು ಯಾವ ಪಟ್ಟಿಗೂ ಏರಿರುವುದಿಲ್ಲ. ಬೇರೆ ಕೆಲಸಗಳಿಗೆ, ಹತ್ತನೇ ತರಗತಿ ಓದಿದ ಗಂಡಸರಿಗೆ ಕೂಡ, ಪರವಾನಗಿ ಪಡೆದ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ೩೦ ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಎಂಬುದು ನಿಮಗೂ ನಿಮ್ಮ ಗೆಳೆಯರಿಗೂ ಗೊತ್ತಿರಲಿ. ಅದಕ್ಕಿಂತ ಹೆಚ್ಚು ಕೇಳಿದರೆ, ರಸೀದಿ ಇಲ್ಲದೆ ಕೇಳಿದರೆ, ಅಲ್ಲಿಂದ ಎದ್ದು ಬನ್ನಿ. ಈ ದಾರಿಯ ತೊಂದರೆ ಏನೆಂದರೆ ತಿಂಗಳುಗಟ್ಟಲೆ ಕಾಯಬೇಕು, ಸಂಬಳವೂ ಆ ಹೆಂಗಸು ಹೇಳಿದಷ್ಟು ಇರಲಾರದು. ಮನೆಯೊಳಗಿನ ಒಂಟಿತನದ ಅಪಾಯ ಇಲ್ಲೂ ಪೂರ್ತಿ ಹೋಗುವುದಿಲ್ಲ. ಆದರೆ ಮಾಲೀಕರ ಹೆಸರು, ವಿಳಾಸ, ಕರಾರು ಸರ್ಕಾರದ ಕಡತದಲ್ಲಿರುತ್ತವೆ. ಹೊರಡುವ ಮುನ್ನ ತರಬೇತಿ ಸಿಗುತ್ತದೆ. ಕರೆದಾಗ ರಾಯಭಾರ ಕಚೇರಿಗೆ ಯಾರನ್ನು ಹುಡುಕಬೇಕೆಂದು ಗೊತ್ತಿರುತ್ತದೆ.

ಇನ್ನೊಂದು ಆಯ್ಕೆ ಹತ್ತಿರದ ಊರಿನಲ್ಲಿ ದುಡಿಯುವುದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮನೆಗೆಲಸ, ಆಸ್ಪತ್ರೆಯ ಸಹಾಯಕಿ, ಗಾರ್ಮೆಂಟ್ಸ್. ಶೋಷಣೆ ಅಲ್ಲೂ ಇದೆ, ಸಂಬಳ ಕಡಿಮೆ. ಆದರೆ ಬೇಡವೆನಿಸಿದ ದಿನ ಬಸ್ ಹತ್ತಿ ಮನೆಗೆ ಬರಬಹುದು. ಮಕ್ಕಳು ಚಿಕ್ಕವರಾದರೆ ನಾನು ಇದಕ್ಕೆ ಹೆಚ್ಚು ತೂಕ ಕೊಡುತ್ತೇನೆ.

ಎಲ್ಲಕ್ಕಿಂತ ಮೊದಲು ಆ ಸಾಲದ ಬಗ್ಗೆ ಕುಳಿತು ಮಾತನಾಡಿ. ಅಕ್ಕ ಹೊರಡಲು ಸಿದ್ಧರಾಗಿರುವುದು ಕುವೈತ್‌ನ ಆಕರ್ಷಣೆಗಿಂತ ಹೆಚ್ಚಾಗಿ ವಾರವಾರ ಬಾಗಿಲಿಗೆ ಬರುವವರಿಗೆ ಹೆದರಿ ಎಂದು ನಿಮ್ಮ ಪತ್ರ ಓದಿದಾಗ ನನಗನಿಸಿತು. ಸಾಲದ ಅವಸರ ಒಂದಿಷ್ಟು ತಗ್ಗಿದರೆ ಒಳ್ಳೆಯ ದಾರಿಗಾಗಿ ಕಾಯುವ ಶಕ್ತಿ ಬರುತ್ತದೆ. ರಿಸರ್ವ್ ಬ್ಯಾಂಕಿನ ೨೦೨೨ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಮೈಕ್ರೋಫೈನಾನ್ಸ್ ಸಂಸ್ಥೆಗಳು ಸಾಲ ಕೊಡುವಂತಿಲ್ಲ, ವಸೂಲಿಗೆ ಬೆದರಿಕೆ ಅವಮಾನಗಳನ್ನು ಬಳಸುವಂತಿಲ್ಲ. ನೋಂದಣಿಯಿಲ್ಲದ ಲೇವಾದೇವಿಯವರ ಕಿರುಕುಳ ತಡೆಯಲು ಕರ್ನಾಟಕದಲ್ಲಿ ೨೦೨೫ರಲ್ಲಿ ಪ್ರತ್ಯೇಕ ಕಾನೂನೂ ಬಂದಿದೆ. ಯಾವ ಸಾಲ ಯಾರದು, ಅಸಲು ಎಷ್ಟು, ಕಟ್ಟಿದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯದ ಮಿತಿ ಇಲ್ಲ. ದೂರವಾಣಿ ಸಂಖ್ಯೆ ೧೫೧೦೦. ಕಂತಿನ ಅವಧಿ ಹಿಗ್ಗಿಸಿಕೊಡಿ ಎಂದು ವಕೀಲರ ಮೂಲಕ ಕೇಳಿದಾಗ ಮೊದಲು ಒಪ್ಪದ ಸಂಸ್ಥೆಗಳು ಒಪ್ಪಿದ್ದನ್ನು ನಾನು ಕಂಡಿದ್ದೇನೆ.

ಮುಂದೆ ಯಾವ ದಾರಿಯಲ್ಲೇ ಹೋಗಲಿ, ಹೊರಡುವ ಮುನ್ನ ಆಗಬೇಕಾದ ಕೆಲವು ಕೆಲಸಗಳಿವೆ. ಕರಾರನ್ನು ಅಕ್ಕನಿಗೆ ಅರ್ಥವಾಗುವ ಭಾಷೆಯಲ್ಲಿ ಓದಿಸಿ, ಪ್ರತಿಯನ್ನು ನೀವು ಇಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಮಾಲೀಕರ ಗುರುತಿನ ಚೀಟಿಯ ಫೋಟೊಗಳು ನಿಮ್ಮ ಮೊಬೈಲಿನಲ್ಲಿರಲಿ. ಸಂಬಳ ಅಕ್ಕನ ಹೆಸರಿನ ಖಾತೆಗೇ ಬರಬೇಕು, ಏಜೆಂಟರ ಖಾತೆಗಲ್ಲ, ನಿಮ್ಮ ಖಾತೆಗೂ ಅಲ್ಲ. ಬೇರೆಯವರು ಕೊಟ್ಟ ಪೊಟ್ಟಣವನ್ನು ಎಷ್ಟೇ ಆಪ್ತರದಾದರೂ ಒಯ್ಯಬಾರದು, ಮಾದಕ ವಸ್ತು ಸಿಕ್ಕರೆ ಆ ದೇಶಗಳಲ್ಲಿ ಶಿಕ್ಷೆ ಬಹಳ ಕಠಿಣ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾತನ್ನು ಗೊತ್ತುಮಾಡಿಕೊಳ್ಳಿ. ಪಕ್ಕದಲ್ಲಿ ಮಾಲೀಕರು ನಿಂತಿರುವಾಗಲೂ ಆಡಬಹುದಾದ, ‘ಅಜ್ಜಿಯ ಮೊಣಕಾಲು ನೋವು ಹೇಗಿದೆ’ ಎಂಬಂಥ ಮಾಮೂಲಿ ಮಾತು. ಅದನ್ನು ಕೇಳಿದ ಕೂಡಲೇ ನೀವು ಕೆಲಸಕ್ಕೆ ಇಳಿಯಬೇಕು.

ಆ ಕೆಲಸ ಎಂದರೆ ಇಷ್ಟು. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ದಿನದ ೨೪ ಗಂಟೆಯೂ ತೆರೆದಿರುತ್ತದೆ, ಭಾರತದಿಂದ ಉಚಿತ ಸಂಖ್ಯೆ ೧೮೦೦ ೧೧ ೩೦೯೦. ಅದೇ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ರಾಯಭಾರ ಕಚೇರಿಯ ಸಹಾಯವಾಣಿ ಅಕ್ಕನಿಗೆ ಬಾಯಿಪಾಠವಾಗಿರಲಿ, ಮೊಬೈಲ್ ಕಸಿದುಕೊಂಡರೆ ಒಳಗಿರುವ ನಂಬರ್ ಉಪಯೋಗಕ್ಕೆ ಬರುವುದಿಲ್ಲ. ಸಂಕಷ್ಟದಲ್ಲಿರುವವರ ಆಶ್ರಯ, ಕಾನೂನು ನೆರವು, ಮರಳುವ ಟಿಕೆಟ್‌ಗೆಂದೇ ೨೦೦೯ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳಿದವರಿಗೆ ಸಿಗುತ್ತದೆ, ಆದ್ದರಿಂದ ಹೆಸರು ಹಿಡಿದು ಕೇಳಿ. ಇಲ್ಲಿ ನಿಮ್ಮ ಠಾಣೆಯಲ್ಲಿ ಏಜೆಂಟರ ವಿರುದ್ಧ ದೂರು ಕೊಡಿ. ‘ಅದು ನಮ್ಮ ವ್ಯಾಪ್ತಿಯಲ್ಲ’ ಎಂದರೆ, ವ್ಯಾಪ್ತಿ ಎಲ್ಲೇ ಇದ್ದರೂ ದೂರು ದಾಖಲಿಸಲೇಬೇಕೆಂಬ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇದೆ ಎಂದು ತಿಳಿಸಿ. ದೂರಿನಲ್ಲಿ ವಲಸೆ ಕಾಯ್ದೆಯನ್ನು ಮಾತ್ರ ಬರೆಸಿದರೆ ಸಾಲದು. ಪರವಾನಗಿಯಿಲ್ಲದೆ ನೇಮಕಾತಿ ಮಾಡಿದ್ದಕ್ಕೆ ಅದರಲ್ಲಿರುವ ಶಿಕ್ಷೆ ಎರಡು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ, ಅಷ್ಟೇ. ಮೋಸ ಮತ್ತು ಶೋಷಣೆಯ ವಿವರಗಳಿದ್ದರೆ ೧೪೩ನೇ ಕಲಮನ್ನೂ ಸೇರಿಸುವಂತೆ ಒತ್ತಾಯಿಸಿ, ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಪ್ರತಿ ಕೊಡಿ. ಬಿಡುಗಡೆಗೆಂದು ಏಜೆಂಟರು ಹಣ ಕೇಳಿದರೆ ಅವರ ಮಾತು, ಸಂದೇಶಗಳನ್ನು ಉಳಿಸಿಕೊಳ್ಳಿ. ಸಾಲ ಮಾಡಿ ಆ ಹಣ ಕಟ್ಟಿದ ಮೇಲೂ ಮರಳಿ ಬಾರದವರ ಮನೆಯವರು ನನ್ನ ಬಳಿ ಬಂದಿದ್ದಾರೆ.

ಸದ್ಯಕ್ಕೆ ಈ ವಾರ ಆಗಬೇಕಾದ ಕೆಲಸ ಒಂದೇ, ಪಾಸ್‌ಪೋರ್ಟನ್ನು ವಾಪಸ್ ಪಡೆಯುವುದು. ಜಗಳ ಬೇಡ. ಬ್ಯಾಂಕಿನಲ್ಲಿ ತೋರಿಸಬೇಕಾಗಿದೆ, ಎರಡು ದಿನಕ್ಕೆ ಕೊಡಿ ಎಂದು ಅಕ್ಕನೇ ಹೋಗಿ ಕೇಳಲಿ, ನೀವು ಜೊತೆಗಿರಿ. ಕೊಟ್ಟರೆ ಮರಳಿಸಬೇಡಿ. ಕೊಡದೆ ನೆಪ ಹೇಳಿದರೆ, ಅಥವಾ ‘ಖರ್ಚು ಮಾಡಿದ್ದೇವೆ, ಹಣ ಕೊಟ್ಟು ತೆಗೆದುಕೊಳ್ಳಿ’ ಎಂದರೆ, ಅಲ್ಲಿ ಮುಂದೆ ಏನಾಗಲಿತ್ತು ಎಂಬುದು ಅಕ್ಕನಿಗೆ ಇಲ್ಲೇ ಕಾಣುತ್ತದೆ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆಗ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಪಾಸ್‌ಪೋರ್ಟ್ ಕಚೇರಿಗೂ ಕಳುಹಿಸಿ. ಠಾಣೆಗೆ ಹೋಗಲು ಅಕ್ಕ ಹೆದರಿದರೆ ಮಹಿಳಾ ಸಹಾಯವಾಣಿ ೧೮೧ಕ್ಕೆ ಕರೆ ಮಾಡಿ, ನೊಂದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದಿಂದ ಜೊತೆಗೆ ಬರುವವರನ್ನು ಕೇಳಿ.